ಅಪ್ಪನ ಸಮಾಧಿ ಕಲ್ಲಿನ ಮೇಲೆ 'ಪ್ರಕೃತಿಯಲ್ಲಿ ಲೀನ' ಅಂತ ಬರೆಸಬಹುದಾ?

ತೆನೆಹಬ್ಬ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳಲೇಬೇಕು ಅನಿಸಿತು.

ನಾವು ಕರಾವಳಿಯ ಕಥೋಲಿಕರು. ಮನೆಯಲ್ಲಿ ಕೊಂಕಣಿ, ಓದು ಬರಹ ಎಲ್ಲ ಕನ್ನಡ. ಕಳೆದ ಮಳೆಗಾಲದಲ್ಲಿ ಅಪ್ಪ ತೀರಿಹೋದರು. ಎರಡು ವರ್ಷ ಡಯಾಲಿಸಿಸ್ ಮೇಲಿದ್ದರು. ಊರಿನ ಇಗರ್ಜಿಯ, ಅಂದರೆ ಚರ್ಚಿನ, ಹಿಂದಿನ ಸಿಮಿಸ್ತ್ರಿಯಲ್ಲಿ ಮಣ್ಣು ಮಾಡಿದೆವು. ಈಗ ವರ್ಷದ ಪೂಜೆ ಹತ್ತಿರ ಬಂತು, ಸಮಾಧಿಗೆ ಕಲ್ಲು ಕೂರಿಸಬೇಕು.

ನನ್ನ ತಮ್ಮ ಇಗರ್ಜಿಗೆ ಹೋಗುವುದು ಬಿಟ್ಟು ಏಳೆಂಟು ವರ್ಷ ಆಯಿತು. ಚಾರಣ, ಧ್ಯಾನ ಅಂತ ಇರುತ್ತಾನೆ. ಒಳ್ಳೆಯ ಹುಡುಗ. ವಾರಕ್ಕೆ ಮೂರು ಸಲ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನು ಅವನೇ, ನಾನಲ್ಲ. ನಾನು ಬೆಂಗಳೂರಿನಲ್ಲಿದ್ದೆ. ಅವನು ಕಲ್ಲಿನ ಮೇಲೆ 'ಪ್ರಕೃತಿಯಲ್ಲಿ ಲೀನ' ಅಂತ ಬರೆಸೋಣ ಅನ್ನುತ್ತಾನೆ. "ದೇವರು ಎಲ್ಲೋ ಬೇರೆ ಕಡೆ ಇಲ್ಲ ಅಕ್ಕ. ಈ ಮರ, ಮಳೆ, ನಾವು, ಎಲ್ಲ ಸೇರಿದ್ದೇ ದೇವರು. ಅಪ್ಪ ಅದರೊಳಗೆ ಸೇರಿದರು" ಅನ್ನುತ್ತಾನೆ.

ಮಾತು ಕೇಳಲು ಚೆನ್ನಾಗಿದೆ. ಒಪ್ಪಲು ಆಗುತ್ತಿಲ್ಲ. ಯಾಕೆ ಅಂತ ಹೇಳಲೂ ಬರುತ್ತಿಲ್ಲ. "ಇಗರ್ಜಿಯಲ್ಲಿ ಹಾಗೆ ಬರೆಯಲು ಬಿಡುವುದಿಲ್ಲ" ಅಂದರೆ ಅವನು ಸುಮ್ಮನಾಗುತ್ತಾನೆ, ಆದರೆ ಅದು ಉತ್ತರ ಅಲ್ಲ. ನಮ್ಮ ನಂಬಿಕೆಯೂ 'ಎಲ್ಲವೂ ದೇವರೇ' ಅನ್ನುವ ನೋಟವೂ ನಿಜವಾಗಿ ಎಲ್ಲಿ ಬೇರೆ ದಾರಿ ಹಿಡಿಯುತ್ತವೆ? ತಿಳಿದವರು ಹೇಳಿ. ತಮ್ಮನನ್ನು ಸೋಲಿಸಲು ಅಲ್ಲ, ಅವನ ಹತ್ತಿರ ಕೂತು ಮಾತಾಡಲು.

ಘಟ್ಟದ ಮೇಲಿನವ

ಅಕ್ಕ, ನಾನು ನಿಮ್ಮ ತಮ್ಮನ ಕಡೆಯವನು. ಅದಕ್ಕೇ ಮೊದಲು ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಅಮ್ಮನ ಬೂದಿಯನ್ನು ತುಂಗೆಯಲ್ಲಿ ಬಿಟ್ಟೆವು. ಈಗ ಬೆಳಗ್ಗೆ ಹೊಳೆ ದಂಡೆಯಲ್ಲಿ ನಿಂತರೆ ಅಮ್ಮ ಇಲ್ಲ ಅಂತ ಅನಿಸುವುದೇ ಇಲ್ಲ. ಇದು ಸುಮ್ನೆ ಸಮಾಧಾನದ ಮಾತಲ್ಲ. ಇದರ ಹಿಂದೆ ದೊಡ್ಡ ಯೋಚನೆಯೇ ಇದೆ. 1632ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದ ತತ್ತ್ವಜ್ಞಾನಿ ಸ್ಪಿನೋಜಾ 'ದೇವರು ಅಥವಾ ಪ್ರಕೃತಿ' ಅಂತ ಎರಡನ್ನೂ ಒಂದೇ ಉಸಿರಲ್ಲಿ ಹೇಳಿದ. ಇರುವುದು ಒಂದೇ, ಉಳಿದದ್ದೆಲ್ಲ ಅದರ ಬಗೆಗಳು ಅಂದ. 23ನೇ ವಯಸ್ಸಿಗೇ ಅವನ ಯೆಹೂದಿ ಸಮುದಾಯ ಅವನನ್ನು ಹೊರಗೆ ಹಾಕಿತು. ಆಮೇಲೆ ಗಾಜು ಉಜ್ಜಿ ಮಸೂರ ಮಾಡಿಕೊಂಡು ಬದುಕಿದ. 1929ರಲ್ಲಿ ನ್ಯೂಯಾರ್ಕಿನ ಒಬ್ಬ ರಬ್ಬಿ ತಂತಿ ಕಳಿಸಿ "ದೇವರನ್ನು ನಂಬುತ್ತೀರಾ" ಅಂತ ಐನ್‌ಸ್ಟೈನ್‌ರನ್ನು ಕೇಳಿದಾಗ, ಅವರು ನಂಬುವುದು ಸ್ಪಿನೋಜಾನ ದೇವರನ್ನು ಅಂತಲೇ ಉತ್ತರ ಕೊಟ್ಟರು. ಮನುಷ್ಯರ ಹಣೆಬರಹದಲ್ಲಿ ಕೈ ಹಾಕುವ ದೇವರನ್ನಲ್ಲ.

ನಮ್ಮ ಕುವೆಂಪು 'ದೇವರು ರುಜು ಮಾಡಿದನು' ಅಂದಾಗ ಕಂಡದ್ದೂ ಇದನ್ನೇ ಅಲ್ವಾ? ಆಕಾಶದಲ್ಲಿ ಹಾರಿದ ಹಕ್ಕಿ ಸಾಲು. ಗುಡಿ ಬೇಡ, ಪುಸ್ತಕ ಬೇಡ.

ಇನ್ನೊಂದು ಮಾತು. ನಿಮ್ಮ ಬೈಬಲ್ಲೇ 'ಮಣ್ಣಿಗೆ ಸೇರುವೆ' ಅನ್ನುತ್ತದಲ್ಲ. ತಮ್ಮ ಹೇಳಿದ್ದರಲ್ಲಿ ಏನು ತಪ್ಪು?

ಧಾರವಾಡ ಮೇಷ್ಟ್ರು

ತಂಗಿ, ನಿಮ್ಮ ತಂದೆಯವರಿಗೆ ನಮನ. ನಾನು ಪ್ರೊಟೆಸ್ಟೆಂಟ್ ಮನೆತನದವನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದೇನೆ. ಹಾಗಾಗಿ ಮಾತಿನಿಂದಲೇ ಶುರು ಮಾಡುತ್ತೇನೆ.

'ಸೃಷ್ಟಿ' ಅನ್ನುತ್ತೇವಲ್ಲ, ಅದು ಸಂಸ್ಕೃತದ 'ಸೃಜ್' ಧಾತುವಿನಿಂದ ಬಂದದ್ದು. ಹೊರಗೆ ಬಿಡು, ಹರಿಸು ಅನ್ನುವ ಅರ್ಥ ಅದಕ್ಕಿದೆ. ಮುಂಡಕ ಉಪನಿಷತ್ತಿನಲ್ಲಿ ಜೇಡದ ಹೋಲಿಕೆ ಬರುತ್ತದೆ. ಜೇಡ ತನ್ನೊಳಗಿಂದಲೇ ನೂಲು ಬಿಡುತ್ತದೆ, ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಜಗತ್ತೂ ಹಾಗೇ ಹುಟ್ಟುತ್ತದೆ ಅಂತ. ಅಲ್ಲಿ ಬಲೆಯೂ ಜೇಡದ್ದೇ ಸರಕು.

ಈಗ ಹಳೆಯ ಕನ್ನಡ ಬೈಬಲ್ ತೆಗೆದು ಮೊದಲ ಸಾಲು ನೋಡ್ರಿ. ದೇವರು ಆಕಾಶವನ್ನೂ ಭೂಮಿಯನ್ನೂ 'ಉಂಟುಮಾಡಿದನು' ಅಂತಿದೆ. ನಿಮ್ಮ ಕರಾವಳಿಯಲ್ಲಿ 'ಉಂಟು' ದಿನಾ ಆಡುವ ಮಾತು. ಅಂಗಡಿಯಲ್ಲಿ ಬೆಲ್ಲ ಉಂಟಾ, ಮನೆಯಲ್ಲಿ ಜನ ಉಂಟಾ. ಇಲ್ಲದ್ದನ್ನು ಉಂಟು ಮಾಡುವುದು ಅಂದರೆ ಒಳಗಿಂದ ಹರಿಸುವುದಲ್ಲ. ಏನೂ ಇರಲಿಲ್ಲ, ಅವನು 'ಇರಲಿ' ಅಂದ, ಇತ್ತು. ಹೊಸ ಅನುವಾದಗಳಲ್ಲಿ 'ಸೃಷ್ಟಿಸಿದನು' ಅಂತಲೂ ಇದೆ, ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ನನಗೆ 'ಉಂಟುಮಾಡಿದನು' ಮೇಲೇ ಜೀವ ಜಾಸ್ತಿ.

ಮೊದಲ ವ್ಯತ್ಯಾಸ ಇಲ್ಲೇ ಇದೆ. ಕ್ರೈಸ್ತರಿಗೆ ಜಗತ್ತು ದೇವರಲ್ಲ. ದೇವರ ತುಂಡೂ ಅಲ್ಲ. ಹಾಗಂತ ಮಾಯೆಯೂ ಅಲ್ಲ, ಕೊಳಕೂ ಅಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮತ್ತೆ ಮತ್ತೆ 'ಒಳ್ಳೆಯದು' ಅನ್ನುವ ಮಾತು ಬರುತ್ತದೆ. ಅದೇ ಅಧ್ಯಾಯದಲ್ಲಿ ಸೂರ್ಯ ಚಂದ್ರರಿಗೆ ಹೆಸರೇ ಇಲ್ಲ, ಗಮನಿಸಿದ್ದೀರಾ? ದೊಡ್ಡ ಬೆಳಕು, ಚಿಕ್ಕ ಬೆಳಕು ಅಷ್ಟೇ. ಸುತ್ತಲಿನ ಜನ ಅವನ್ನೇ ದೇವರು ಅಂತ ಪೂಜಿಸುತ್ತಿದ್ದರು. ಬರೆದವರು ಅವನ್ನು ಎರಡು ದೀಪ ಮಾಡಿ ಆಕಾಶದಲ್ಲಿ ತೂಗುಹಾಕಿದರು.

ಘಟ್ಟದ ತಮ್ಮಾ, ನೀವು ತಂದ ಕುವೆಂಪು ಸಾಲು ನನಗೂ ಬಹಳ ಇಷ್ಟ. ಆದರೆ ರುಜು ಅಂದರೆ ಏನು? ರುಜು ಮಾಡಿದವನೂ ರುಜುವೂ ಒಂದೇ ಅಲ್ಲವಲ್ಲ. ಕಾಗದದ ಮೇಲೆ ರುಜು ಕಂಡರೆ ನಾವು ಕಾಗದ ಬಿಟ್ಟು ಮನುಷ್ಯನನ್ನು ನೆನೆಯುತ್ತೇವೆ. 'ಆಕಾಶ ದೇವರ ಮಹಿಮೆಯನ್ನು ಸಾರುತ್ತದೆ' ಅಂತ ಹತ್ತೊಂಬತ್ತನೇ ಕೀರ್ತನೆ ಹೇಳುವುದೂ ಇದನ್ನೇ. ಆಕಾಶ ಸಾರುತ್ತದೆ, ಆಕಾಶವೇ ಅವನಲ್ಲ. ಕವಿಯ ಮನಸ್ಸಿನಲ್ಲಿ ಏನಿತ್ತು ಅಂತ ನಾನು ತೀರ್ಮಾನ ಕೊಡುವುದಿಲ್ಲ. ಆ ಪದ ಮಾತ್ರ ನನ್ನ ಕಡೆ ಇದೆ.

ಮಣ್ಣಿಗೆ ಸೇರುವ ಮಾತಿಗೆ ಆಮೇಲೆ ಬರುತ್ತೇನೆ. ಕಣ್ಣು ನೋಯುತ್ತಿದೆ.

ರಥಬೀದಿ

ಒಂದು ತಿದ್ದುಪಡಿ. ಈ ಚರ್ಚೆ 'ಕ್ರೈಸ್ತರು ಒಂದು ಕಡೆ, ಹಿಂದೂಗಳೆಲ್ಲ ಎಲ್ಲವೂ ದೇವರು ಅನ್ನುವವರು' ಅನ್ನುವ ಹಾಗೆ ಸಾಗಬಾರದು. ನಾನು ಉಡುಪಿಯವನು. 13ನೇ ಶತಮಾನದಲ್ಲಿ ಇಲ್ಲಿನ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಐದು ಭೇದ ಹೇಳಿದರು. ದೇವರಿಗೂ ಜೀವಕ್ಕೂ, ದೇವರಿಗೂ ಜಡಕ್ಕೂ, ಜೀವ ಜೀವಕ್ಕೂ, ಜೀವಕ್ಕೂ ಜಡಕ್ಕೂ, ಜಡ ಜಡಕ್ಕೂ. ಐದೂ ನಿಜವಾದ ಭೇದ, ಮುಕ್ತಿಯಲ್ಲೂ ಅಳಿಯುವುದಿಲ್ಲ. ವಿಷ್ಣು ಒಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಅವನ ಅಧೀನ. ಹಾಗಾಗಿ 'ಲೀನ' ಅನ್ನುವ ಮಾತು ಕೇಳಿದರೆ ನಮ್ಮ ಮನೆಯ ಹಿರಿಯರಿಗೂ ಮುಜುಗರವೇ.

ಆದರೆ ಮೇಷ್ಟ್ರು ಹೇಳಿದ 'ಇಲ್ಲದ್ದನ್ನು ಉಂಟುಮಾಡಿದ' ಅನ್ನುವುದು ನಮ್ಮಲ್ಲಿ ಇಲ್ಲ. ಜೀವಗಳೂ ಪ್ರಕೃತಿಯೂ ಅನಾದಿ. ಅಲ್ಲಿ ನಾವೂ ನೀವೂ ಬೇರೆ.

ದೂರದೂರು

ನಾನು ಕ್ಯಾಲಿಫೋರ್ನಿಯಾದಲ್ಲಿ ಇರುವವಳು. ಊರು ಮೈಸೂರು. ಇಲ್ಲಿ ಈ ವಿಚಾರ ಪುಸ್ತಕದ್ದಲ್ಲ, ದಿನಾ ಕಿವಿಗೆ ಬೀಳುವಂಥದ್ದು. "ಯೂನಿವರ್ಸ್ ನೋಡಿಕೊಳ್ಳುತ್ತೆ", "ಯೂನಿವರ್ಸ್‌ಗೆ ಕೇಳು, ಕೊಡುತ್ತೆ". ಭಾನುವಾರ ಚರ್ಚಿಗೆ ಹೋಗುವವರ ಬಾಯಲ್ಲೂ ಇದೇ. 2009ರಲ್ಲಿ ಪ್ಯೂ ಅನ್ನುವ ಸಮೀಕ್ಷಾ ಸಂಸ್ಥೆ ಅಮೆರಿಕದಲ್ಲಿ ಕೇಳಿದಾಗ, ಬೆಟ್ಟ, ಮರ, ಹರಳುಗಳಂಥ ವಸ್ತುಗಳಲ್ಲಿ ಆಧ್ಯಾತ್ಮಿಕ ಶಕ್ತಿ ಇದೆ ಅಂದವರು ಸುಮಾರು ನಾಲ್ಕರಲ್ಲೊಬ್ಬರು. ಅದೇ ವರ್ಷ 'ಅವತಾರ್' ಸಿನಿಮಾ ಬಂತು. ಅಲ್ಲಿನ ಜನ ಮರಕ್ಕೆ ಜಡೆ ಜೋಡಿಸಿ ಸತ್ತ ಹಿರಿಯರ ದನಿ ಕೇಳಿಸಿಕೊಳ್ಳುತ್ತಾರೆ. ನಾನು ಎರಡು ಸಲ ನೋಡಿ ಎರಡು ಸಲವೂ ಅತ್ತೆ. ವ್ಯಾಟಿಕನ್ ಪತ್ರಿಕೆ ಮಾತ್ರ ಅದನ್ನು ಮೆಚ್ಚಲಿಲ್ಲ, ಪ್ರಕೃತಿಯನ್ನೇ ಪೂಜೆಗೆ ಇಡುತ್ತದೆ ಅನ್ನುವುದು ಅವರ ಆಕ್ಷೇಪ. ಈ ತರದ ಹೊಸ ಆಧ್ಯಾತ್ಮದ ಬಗ್ಗೆ 2003ರಲ್ಲೇ ವ್ಯಾಟಿಕನ್ ಒಂದು ದೊಡ್ಡ ದಾಖಲೆ ಹೊರಡಿಸಿತ್ತು.

ನನ್ನದೊಂದು ಅನುಭವ. ಕೆಲಸ ಹೋದಾಗ ನನ್ನ ಧ್ಯಾನದ ಗುಂಪಿನವರು "ನೀನು ಯೂನಿವರ್ಸ್‌ಗೆ ಸರಿಯಾದ ಮನಸ್ಸಿನಿಂದ ಕೇಳಿಲ್ಲ" ಅಂದರು. ಕೆಲಸವೂ ಹೋಯಿತು, ತಪ್ಪೂ ನನ್ನದೇ ಆಯಿತು. ಆ ರಾತ್ರಿ ಯಾರ ಹತ್ತಿರ ಅಳಬೇಕು ಅಂತಲೇ ತಿಳಿಯಲಿಲ್ಲ. ನಾನು ಕ್ರೈಸ್ತಳಲ್ಲ. ಆದರೆ ಪಕ್ಕದ ಮನೆಯ ಅಜ್ಜಿ "ನಿನ್ನ ಚಿತ್ತದಂತೆ ಆಗಲಿ" ಅಂತ ಪ್ರಾರ್ಥನೆ ಮಾಡುವುದು ನೋಡಿದ್ದೇನೆ. ಅವರು ದೇವರನ್ನು ಬಾಗಿಸುತ್ತಿರಲಿಲ್ಲ, ತಾವು ಬಾಗುತ್ತಿದ್ದರು. ಎರಡಕ್ಕೂ ತುಂಬಾ ದೂರ ಅನಿಸಿತು.

ತೆನೆಹಬ್ಬ

ದೂರದೂರು ಅವರೇ, ನಿಮ್ಮ ಮಾತು ಓದಿ ಒಂದು ನೆನಪಾಯಿತು. ಇದುವರೆಗೆ ಯಾರಿಗೂ ಹೇಳಿಲ್ಲ.

ಡಯಾಲಿಸಿಸ್ ಇದ್ದವರಿಗೆ ನೀರು ಅಳೆದು ಕೊಡಬೇಕು. ಅಪ್ಪನಿಗೆ ದಿನಕ್ಕೆ ಒಂದು ಲೀಟರ್ ಅಂತ ಡಾಕ್ಟರ್ ಹೇಳಿದ್ದರು. ಅನ್ನದ ಗಂಜಿ, ಚಹಾ ಎಲ್ಲ ಅದರಲ್ಲೇ ಲೆಕ್ಕ. ಅಮ್ಮ ಒಂದು ಬಾಟಲಿಗೆ ಪೆನ್ನಿನಿಂದ ಗೀಟು ಹಾಕಿ ಇಡುತ್ತಿದ್ದರು. ಮೇ ತಿಂಗಳು. ರಾತ್ರಿ ಎರಡು ಗಂಟೆಗೆ ಗೀಟು ದಾಟಿ ಬಾಟಲಿ ಖಾಲಿಯಾಗಿತ್ತು. ನಾನು ಒಂದು ಐಸ್ ತುಂಡು ಕೊಟ್ಟೆ. ಅದನ್ನು ಬಾಯಲ್ಲಿ ಇಟ್ಟುಕೊಂಡು ಅಪ್ಪ ಗೋಡೆಯ ಶಿಲುಬೆಯಲ್ಲಿ, 'ನನಗೆ ಬಾಯಾರಿದೆ' ಅಂದಿದ್ದ ಯೇಸುವನ್ನು ನೋಡಿ, ಸಿಟ್ಟಿನಲ್ಲೇ, ಕೊಂಕಣಿಯಲ್ಲಿ ಹೇಳಿದರು: "ನಿನಗೂ ಬಾಯಾರಿತ್ತು ಅಲ್ವಾ? ಮತ್ತೆ ನನಗೆ ಯಾಕೆ ಹೀಗೆ ಮಾಡುತ್ತೀ?"

ಆಮೇಲೆ ನಿದ್ದೆ ಹೋದರು.

ತಮ್ಮನ ಮಾತು ಒಪ್ಪಲು ಯಾಕೆ ಆಗುತ್ತಿಲ್ಲ ಅಂತ ಈಗ ಬರೆಯುವಾಗ ಗೊತ್ತಾಗುತ್ತಿದೆ. ಅಪ್ಪ ಅವತ್ತು ಒಬ್ಬನ ಹತ್ತಿರ ಮಾತಾಡಿದರು. 'ನೀನು' ಅಂದರು. ಜಗಳ ಆಡಿದರು. ಎಲ್ಲವೂ ದೇವರೇ ಆದರೆ ಅಪ್ಪನ ಕಿಡ್ನಿ ತಿಂದ ಕಾಯಿಲೆಯೂ ದೇವರೇ ಆಗಬೇಕಲ್ಲ? ಆಗ ಯಾರ ಮೇಲೆ ಸಿಟ್ಟು ಮಾಡುವುದು, ಯಾರನ್ನು ಕೇಳುವುದು?

ಘಟ್ಟದ ಮೇಲಿನವ

ಅಕ್ಕ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ನಿಮ್ಮ ಪ್ರಶ್ನೆಗೆ ನಮ್ಮ ಕಡೆಯ ಉತ್ತರ ಇಷ್ಟು. ಪ್ರಕೃತಿಗೆ ದ್ವೇಷ ಇಲ್ಲ. ಕಾಯಿಲೆ ಯಾರನ್ನೂ ಗುರಿ ಇಟ್ಟು ಬರುವುದಿಲ್ಲ. ಹಾಗಾಗಿ ಸಿಟ್ಟಿಗೆ ಜಾಗವೇ ಬೇಡ, ಒಪ್ಪಿಕೊಂಡರೆ ಮನಸ್ಸು ತಣ್ಣಗಾಗುತ್ತದೆ. ನನಗೆ ಅದು ಸಾಕಾಗಿದೆ. ನಿಮ್ಮ ತಂದೆಗೆ ಸಾಕಾಗುತ್ತಿರಲಿಲ್ಲ ಅಂತ ನೀವು ಬರೆದದ್ದರಿಂದಲೇ ಗೊತ್ತಾಗುತ್ತದೆ.

ಆದರೆ ಮೇಷ್ಟ್ರಿಗೆ ಒಂದು ಗಟ್ಟಿ ಪ್ರಶ್ನೆ. 1967ರಲ್ಲಿ ಲಿನ್ ವೈಟ್ ಅನ್ನುವ ಇತಿಹಾಸಕಾರ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಮರದಲ್ಲಿ, ಹೊಳೆಯಲ್ಲಿ ದೈವ ಇದೆ ಅನ್ನುವ ನಂಬಿಕೆಯನ್ನು ಪಶ್ಚಿಮದ ಕ್ರೈಸ್ತ ಧರ್ಮ ಅಳಿಸಿತು, ಆಮೇಲೆ ಪ್ರಕೃತಿಯನ್ನು ದೋಚಲು ಯಾರಿಗೂ ಅಳುಕು ಇಲ್ಲದಾಯಿತು ಅಂತ ಅವರ ವಾದ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಕೊಡಲಿ ಬೀಳದೆ ಉಳಿದದ್ದು ಅಲ್ಲಿ ದೇವರಿದೆ ಅನ್ನುವ ಭಯ ಭಕ್ತಿಯಿಂದ. ಸೂರ್ಯ ಬರೀ ದೀಪ, ಮರ ಬರೀ ಮರ ಅಂದರೆ ಕಾಡು ಉಳಿಯುತ್ತದಾ?

ಧಾರವಾಡ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ತಪ್ಪಿಸಿಕೊಳ್ಳುವುದಿಲ್ಲ. 'ಭೂಮಿಯನ್ನು ಆಳಿರಿ' ಅನ್ನುವ ಮಾತನ್ನು ಹಿಡಿದುಕೊಂಡು ಕ್ರೈಸ್ತ ದೇಶಗಳು ಮಾಡಿದ ಹಾಳು ಸಣ್ಣದಲ್ಲ. ನಮ್ಮವರ ತಪ್ಪು ನಮ್ಮದೇ.

ಆದರೆ ಉತ್ತರ ಇಥಿಯೋಪಿಯಾದಲ್ಲಿ ಹಳೆಯ ಆರ್ಥಡಾಕ್ಸ್ ಇಗರ್ಜಿಗಳ ಸುತ್ತ ಕಾಡುಗಳಿವೆ. ಸುತ್ತಲ ಬೆಟ್ಟಗಳೆಲ್ಲ ಉಳುಮೆಯಾಗಿ ಬೋಳಾಗಿವೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಕಂದು ನೆಲದ ನಡುವೆ ದುಂಡಗೆ ಹಸಿರು ಚುಕ್ಕೆ, ಚುಕ್ಕೆಯ ನಡುವೆ ಇಗರ್ಜಿಯ ಮಾಡು. ನೂರಾರು ವರ್ಷದಿಂದ ಅಲ್ಲಿನ ಜನ ಕಾದುಕೊಂಡು ಬಂದಿದ್ದಾರೆ. ಮರ ದೇವರು ಅಂತ ಅಲ್ಲ, ದೇವರ ಮನೆಯ ಅಂಗಳ ಅಂತ. ನಿಮ್ಮ ದೇವರಕಾಡೂ ಉಳಿಯಿತು, ಅದೂ ಉಳಿಯಿತು.

ಲಿನ್ ವೈಟ್ ಅದೇ ಲೇಖನದ ಕೊನೆಗೆ ಅಸ್ಸೀಸಿಯ ಸಂತ ಫ್ರಾನ್ಸಿಸರನ್ನು ಪರಿಸರದವರ ಪಾಲಕ ಸಂತ ಮಾಡಿ ಅಂದಿದ್ದಾರೆ. 1979ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಹಾಗೇ ಘೋಷಿಸಿದರು. 2015ರ ಪರಿಸರ ಪತ್ರಕ್ಕೆ ಪೋಪ್ ಫ್ರಾನ್ಸಿಸ್ ಹೆಸರು ತೆಗೆದುಕೊಂಡದ್ದೂ ಆ ಸಂತರ ಹಾಡಿನಿಂದಲೇ. ಆ ಹಾಡಿನಲ್ಲಿ ಅವರು ಸೂರ್ಯನನ್ನು ದೇವರು ಅನ್ನುವುದಿಲ್ಲ, ಬರೀ ದೀಪ ಅಂತಲೂ ಅನ್ನುವುದಿಲ್ಲ. ಅಣ್ಣ ಅನ್ನುತ್ತಾರೆ. ನೀರಿಗೆ ತಂಗಿ. ಒಬ್ಬನೇ ತಂದೆಯ ಮಕ್ಕಳು ಅನ್ನುವ ನಂಟು. ಅಣ್ಣನಿಗೆ ಅಡ್ಡಬೀಳುವುದೂ ಇಲ್ಲ, ಅಣ್ಣನನ್ನು ಮಾರಿಕೊಳ್ಳುವುದೂ ಇಲ್ಲ. ಕೊನೆಯ ಭಾಗದಲ್ಲಿ ಸಾವನ್ನೂ ಸೋದರಿ ಅಂತ ಕರೆದರು. ಆಗ ಅವರಿಗೆ ಕಣ್ಣು ಹೋಗಿತ್ತು, ಮೈ ತುಂಬಾ ನೋವಿತ್ತು.

ಇನ್ನು ಮಣ್ಣಿನ ಮಾತು. ಹೌದು, ಮಣ್ಣಿಗೆ ಸೇರುತ್ತೇವೆ. ಅದರಲ್ಲಿ ನಿಮ್ಮ ತಮ್ಮನ ಮಾತು ಸರಿ ತಂಗಿ, ಅವನಿಗೆ ಹೇಳ್ರಿ. ಆದರೆ ಅಲ್ಲಿಗೆ ಮುಗಿಯಿತು ಅನ್ನುವುದಿಲ್ಲ. ನೀವು ಸಿಮಿಸ್ತ್ರಿ ಅಂತ ಬರೆದಿರಲ್ಲ, ಅದು ಪೋರ್ಚುಗೀಸರಿಂದ ಬಂದ ಮಾತು, ಅದರ ಮೂಲ ಗ್ರೀಕ್. ಮಲಗುವ ಜಾಗ ಅಂತ ಅರ್ಥ. ಮಲಗಿದವರು ಏಳುತ್ತಾರೆ. ಕರಗಿದವರು ಏಳುವುದಿಲ್ಲ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಬೀಜದ ಹೋಲಿಕೆ ಕೊಡುತ್ತಾನೆ. ಬಿತ್ತಿದ್ದು ಸಾಯದೆ ಜೀವ ತಳೆಯುವುದಿಲ್ಲ ಅಂತ. ಭತ್ತ ಬಿತ್ತಿದರೆ ಭತ್ತವೇ ಬರುತ್ತದೆ, ಬರೀ ಮಣ್ಣಲ್ಲ.

ಅದೇ ಪೌಲ ಅಥೆನ್ಸಿಗೆ ಹೋಗಿದ್ದ. ಅಪೊಸ್ತಲರ ಕೃತ್ಯಗಳು 17. ಅವನ ಮಾತು ಕೇಳಿದವರಲ್ಲಿ ಸ್ತೋಯಿಕರಿದ್ದರು, ಜಗತ್ತಿನ ಒಳಗೇ ಹರಡಿರುವ ದೈವವನ್ನು ನಂಬಿದವರು. ಪೌಲ ಅವರಿಗೆ ಬಯ್ಯಲಿಲ್ಲ. ಅವರ ಕವಿಯ ಮಾತನ್ನೇ ಎತ್ತಿಕೊಂಡ. ದೇವರಲ್ಲೇ ನಾವು ಬದುಕುತ್ತೇವೆ, ಚಲಿಸುತ್ತೇವೆ, ಇರುತ್ತೇವೆ ಅಂದ. ಅಲ್ಲಿಯವರೆಗೆ ಎಲ್ಲರೂ ಕೇಳಿದರು. ಸತ್ತವರು ಎದ್ದು ಬರುತ್ತಾರೆ ಅಂದ ಕೂಡಲೇ ಕೆಲವರು ಗೇಲಿ ಮಾಡಿದರು. ಎರಡು ಸಾವಿರ ವರ್ಷ ಆಯಿತು, ದಾರಿ ಕವಲೊಡೆಯುವ ಜಾಗ ಇವತ್ತಿಗೂ ಅದೇ.

ಬಯಲು ದಾರಿ

ಶರಣು. ನಾನು ಲಿಂಗಾಯತ. ಇಲ್ಲಿ 'ಲೀನ' ಅನ್ನುವುದನ್ನು ಬಹಳ ಹಗುರವಾಗಿ ಬಳಸುತ್ತಿದ್ದೇವೆ ಅನಿಸಿತು.

ನಮ್ಮಲ್ಲಿ ಯಾರು ತೀರಿಹೋದರೂ ಲಿಂಗೈಕ್ಯ ಅಂತ ಕಾರ್ಡು ಹಾಕಿಸುತ್ತೇವೆ. ಆದರೆ ಶರಣರು ಹೇಳಿದ ಐಕ್ಯ ಸತ್ತ ಮಾತ್ರಕ್ಕೆ ಸಿಗುವಂಥದ್ದಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಆಮೇಲೆ ಐಕ್ಯ. ಆರನೆಯ ಮೆಟ್ಟಿಲು. ಬದುಕಿರುವಾಗಲೇ ಏರಬೇಕಾದದ್ದು. ಐಕ್ಯಕ್ಕೆ ಮೊದಲು ಎಷ್ಟು ಪ್ರೀತಿ, ಎಷ್ಟು ಜಗಳ, ಎಷ್ಟು ಹಂಬಲ! ಅಕ್ಕಮಹಾದೇವಿಯ ವಚನ ಓದಿದವರಿಗೆ ಗೊತ್ತು. ಅವಳೂ 'ನೀನು' ಅಂತಲೇ ಕರೆದವಳು.

ಮೇಷ್ಟ್ರ ಮಾತಿಗೂ ನಮ್ಮ ಮಾತಿಗೂ ಕೊನೆಯಲ್ಲಿ ಬೇರೆಯೇ ಆಗುತ್ತದೆ, ಒಪ್ಪುತ್ತೇನೆ. ನಾವು ಕೊನೆಗೆ ಬಯಲು, ಅಂದರೆ ಶೂನ್ಯ, ಅನ್ನುತ್ತೇವೆ, ಅವರು ಕೊನೆಗೂ ಇಬ್ಬರು ಅನ್ನುತ್ತಾರೆ. ಆದರೆ ದಾರಿಯೇ ನಡೆಯದೆ 'ಎಲ್ಲರೂ ಹೇಗೂ ಯೂನಿವರ್ಸ್‌ಗೆ ಸೇರುತ್ತೇವೆ ಬಿಡು' ಅನ್ನುವುದು ಈಗಿನ ಕಾಲದ ಮಾತು. ಅದನ್ನು ನಮ್ಮ ಹಿರಿಯರ ತಲೆಗೆ ಕಟ್ಟಬೇಡಿ.

ನಿರ್ವಾಹಕ

ಮತಾಂತರದ ಬಗ್ಗೆ ಬಂದ ಏಳು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಒಬ್ಬರು ತಂದೆಯನ್ನು ಕಳೆದುಕೊಂಡು ಕೇಳಿದ ಪ್ರಶ್ನೆ ಇದು. ದಯವಿಟ್ಟು ಅದನ್ನು ನೆನಪಿಟ್ಟು ಬರೆಯಿರಿ.

ಘಟ್ಟದ ಮೇಲಿನವ

ಒಂದು ವಿಷಯ ಮುಚ್ಚಿಡಬಾರದು ಅನಿಸಿತು, ಹೇಳಿಬಿಡುತ್ತೇನೆ. ಸ್ಪಿನೋಜಾನ 'ಎಥಿಕ್ಸ್' 1677ರಲ್ಲಿ, ಅವನು ತೀರಿಹೋದ ಮೇಲೆ ಅಚ್ಚಾಯಿತು. ಅದರ ಐದನೇ ಭಾಗದಲ್ಲಿ ಒಂದು ಮಾತಿದೆ. ದೇವರನ್ನು ಪ್ರೀತಿಸುವವನು ದೇವರು ತನ್ನನ್ನು ತಿರುಗಿ ಪ್ರೀತಿಸಲಿ ಅಂತ ಬಯಸಲಾರ. ನನಗೆ ಅದು ಯಾವಾಗಲೂ ದೊಡ್ಡ ಮಾತು ಅನಿಸಿದೆ. ಏನೂ ಕೇಳದ ಪ್ರೀತಿ. ತುಂಗೆಯ ದಂಡೆಯಲ್ಲಿ ನಾನು ನಿಲ್ಲುವುದು ಹಾಗೇ. ಹೊಳೆ ನನ್ನನ್ನು ಗುರುತಿಸಬೇಕಾಗಿಲ್ಲ.

ಆದರೆ ಅಕ್ಕ, ನಿಮ್ಮ ತಂದೆಯನ್ನು ಗೋಡೆಯ ಮೇಲಿನವನು ಗುರುತಿಸಬೇಕಿತ್ತು. ಅದು ನನಗೆ ಈಗ ಅರ್ಥ ಆಗುತ್ತದೆ. ನನ್ನ ನಂಬಿಕೆ ಬದಲಾಗಿಲ್ಲ. ಆದರೆ ಅವರ ಕಲ್ಲಿನ ಮೇಲೆ ನನ್ನ ಮಾತು ಇರಬಾರದು.

ಧಾರವಾಡ ಮೇಷ್ಟ್ರು

ತಮ್ಮಾ, ಆ ಸ್ಪಿನೋಜಾ ಮಾತಿನ ಎದುರಿಗೆ ಯೋಹಾನನ ಮೊದಲ ಪತ್ರದ ನಾಲ್ಕನೇ ಅಧ್ಯಾಯ ಇಡುತ್ತೇನೆ. ಅವನು ಮೊದಲು ನಮ್ಮನ್ನು ಪ್ರೀತಿಸಿದ್ದರಿಂದ ನಾವು ಪ್ರೀತಿಸುತ್ತೇವೆ ಅಂತ ಅಲ್ಲಿದೆ. ಎರಡೂ ಒಟ್ಟಿಗೆ ಓದ್ರಿ. ನಾನು ಇಷ್ಟು ವರ್ಷ ಕಲಿಸಿದ್ದಕ್ಕಿಂತ ಜಾಸ್ತಿ ಅದರಲ್ಲಿದೆ. ಧಾರವಾಡಕ್ಕೆ ಬಂದರೆ ಮನೆಗೆ ಬರ್ರಿ.

ತೆನೆಹಬ್ಬ

ಎಲ್ಲರಿಗೂ ಮನಸಾರೆ ವಂದನೆ. ಮೂರು ದಿನ ಈ ಕಡೆ ಬರಲಾಗಲಿಲ್ಲ, ಊರಿಗೆ ಹೋಗಿದ್ದೆ.

ತಮ್ಮನ ಹತ್ತಿರ ಕೂತು ಮಾತಾಡಿದೆ. ಇಲ್ಲಿನ ಮಾತು ಓದಿ ತೋರಿಸಲಿಲ್ಲ. ಐಸ್ ತುಂಡಿನ ರಾತ್ರಿಯ ಕಥೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅವನೂ ಒಂದು ಹೇಳಿದ. ಆಸ್ಪತ್ರೆಯಿಂದ ಬರುವಾಗ ಅಪ್ಪ ಗದ್ದೆ ಹತ್ತಿರ ರಿಕ್ಷಾ ನಿಲ್ಲಿಸಿ ಅಂತಿದ್ದರಂತೆ. ಇಳಿಯಲು ಆಗುತ್ತಿರಲಿಲ್ಲ. ಒಳಗೇ ಕೂತು ಐದು ನಿಮಿಷ ಪೈರು ನೋಡುತ್ತಿದ್ದರಂತೆ. ಏನೂ ಮಾತಾಡುತ್ತಿರಲಿಲ್ಲ. ತಮ್ಮನಿಗೆ 'ಲೀನ' ಅನ್ನುವ ಮಾತು ಬಂದದ್ದು ಅಲ್ಲಿಂದ. ಅದು ನನಗೆ ಗೊತ್ತಿರಲಿಲ್ಲ.

"ಅಪ್ಪ ಪೈರಿನಲ್ಲಿ ದೇವರನ್ನು ನೋಡುತ್ತಿದ್ದರು" ಅಂದ. "ದೇವರು ಕೊಟ್ಟ ಪೈರನ್ನು ನೋಡುತ್ತಿದ್ದರು" ಅಂದೆ. ಅಲ್ಲಿಗೆ ನಿಂತಿತು. ಇಬ್ಬರೂ ಬಿಟ್ಟುಕೊಡಲಿಲ್ಲ, ಇಬ್ಬರಿಗೂ ಸಿಟ್ಟೂ ಬರಲಿಲ್ಲ.

ಕಲ್ಲಿಗೆ ಸದ್ಯಕ್ಕೆ ಅಪ್ಪನ ಹೆಸರು, ಹುಟ್ಟಿದ ವರ್ಷ, ತೀರಿಹೋದ ವರ್ಷ, ಒಂದು ಶಿಲುಬೆ. ಕೆಳಗೆ ಒಂದು ಸಾಲಿನ ಜಾಗ ಖಾಲಿ ಬಿಡಿ ಅಂತ ಕೆತ್ತುವವರಿಗೆ ಹೇಳಿದ್ದೇವೆ.

ನನ್ನ ಹೆಸರು ನೋಡಿ ಕೆಲವರಿಗೆ ಗೊತ್ತಾಗಿರಬಹುದು. ಸೆಪ್ಟೆಂಬರ್ 8 ನಮ್ಮ ತೆನೆ ಹಬ್ಬ, ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕೆ ಮೊದಲು ಮಕ್ಕಳು ಒಂಬತ್ತು ದಿನ ಮರಿಯಮ್ಮನವರಿಗೆ ಹೂ ಹಾಕುತ್ತಾರೆ. ಆ ದಿನ ಇಗರ್ಜಿಯಲ್ಲಿ ಹೊಸ ತೆನೆಗೆ ಆಶೀರ್ವಾದ ಮಾಡಿ ಮನೆಗೊಂದರಂತೆ ಕೊಡುತ್ತಾರೆ. ಪಕ್ಕದ ಮನೆಯ ತುಳುವರು ಅದೇ ಗದ್ದೆಯ ಕದಿರನ್ನು ಬಾಗಿಲಿಗೆ ಕಟ್ಟುತ್ತಾರೆ. ನಾವು ಸುಲಿದು ಹಾಲಿಗೆ ಹಾಕಿ ಎಲ್ಲರೂ ಕುಡಿಯುತ್ತೇವೆ. ಸುಲಿಯುವುದು ಯಾವಾಗಲೂ ಅಪ್ಪನ ಕೆಲಸ. ಉಗುರಿನಿಂದ ಒಂದೊಂದೇ ಕಾಳು ಬಿಡಿಸಿ, ಲೆಕ್ಕ ಹಾಕಿ, ಊರಿನಲ್ಲಿ ಇಲ್ಲದವರ ಪಾಲನ್ನೂ ಹಾಕುತ್ತಿದ್ದರು.

ಈ ಸಲ ಯಾರು ಸುಲಿಯುತ್ತೀರಿ ಅಂತ ಅಮ್ಮ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತಮ್ಮ "ನಾನು" ಅಂದ.